ಎಡಗಿವಿಯ ಐಸಿ

ನಮ್ಮ ಮನಿತನಕ್ಕ ಅನ್ನ ಹಾಕಿದ್ದು ಕಿವಿ. ಹೊರಗಿನ ಮಂದಿಗೆ ಹೇಳಿದ್ರ ನಗ್ತಾರ. ಬ್ಯಾಡಗಿಯೊಳಗ ಮೆಣಸಿನಕಾಯಿ ದಲಾಲಿ ಅಂಗಡಿ ಅಂದಮ್ಯಾಲ ಅದು ಕಣ್ಣಿನ ಕೆಲಸ, ಬಾಳಂದ್ರ ಮೂಗಿನ ಕೆಲಸ ಅಂತ ಅವರ ತಿಳುವಳಿಕಿ. ಬಣ್ಣ ಯಾರರ ನೋಡ್ತಾರ್ರಿ. ಕಾಯಿ ಒಳಗ ಒಣಗೈತೋ ಇಲ್ಲೋ ಅನ್ನೂದು ಮಾತ್ರ ಕಣ್ಣಿಗೆ ಸಿಗಂಗಿಲ್ಲ. ಮ್ಯಾಲ ಚಂದಂಗ ಸುಕ್ಕು ಬಿದ್ದಿರ್ತೈತಿ, ಹೊಟ್ಟ್ಯಾಗ ಹಸಿ ಇಟ್ಕೊಂಡಿರ್ತೈತಿ. ಅಂಥಾ ಚೀಲ ಒಂದು ಒಳಗ ಹೊಕ್ತಂದ್ರ ನಾಲ್ಕು ದಿನದಾಗ ಬೂಷ್ಟು ಹಿಡದು ಬಾಜೂ ಚೀಲಾನೂ ಕೆಡಸ್ತೈತಿ.

ಅದಕ್ಕ ನಮ್ಮಪ್ಪ ಚೀಲದ ತಳಕ್ಕ ಕೈ ಹಾಕಿ ಒಂದು ಹಿಡಿ ಕಾಯಿ ತಗೀತಿದ್ದ. ಬಲಗೈಯಾಗ ಪೆನ್ನು ಇರ್ತಿತ್ತು, ಹಿಂಗಾಗಿ ಎಡಗೈಲೆ ತಗದು, ಎಡಗಿವಿ ಹತ್ರ ಹಿಡದು, ಮೆಲ್ಲಕ ಅಲ್ಲಾಡಸ್ತಿದ್ದ. ಬೀಜ ಸಡ್ಲಾಗಿ ಗಿಲಿಗಿಲಿ ಅಂದ್ರ ಒಣಗೈತಿ. ಸುಮ್ಮನಿದ್ರ ಹಸಿ. ನಡುವಿನ ಹತ್ತೆಂಟು ಸಪ್ಪಳ ಅಪ್ಪಗಷ್ಟ ಗೊತ್ತು. ರೈತರು ಅವನ ಮಾರಿ ನೋಡ್ಕೋತ ನಿಂತಿರ್ತಿದ್ರು. ಅಪ್ಪ ಹೂಂ ಅಂದ್ರ ಮುಗೀತು, ಯಾರೂ ತಂಟೆ ತಗೀತಿರಲಿಲ್ಲ.

ಅಂಥಾ ಅಪ್ಪಗ ನಲವತ್ತು ತುಂಬೂದ್ರಾಗ ಎಡಗಿವಿ ಹೋತು. ಜ್ವರ ಇಲ್ಲ, ನೋವಿಲ್ಲ, ಏನಿಲ್ಲ. ಮೊದಲು ಸಪ್ಪಳ ಮಂದ ಆತು, ಕಿವಿಗೆ ಗೋಣಿ ಹೊಚ್ಚಿದಂಗ. ಆಮ್ಯಾಲ ಪೂರಾ ಬಂದ್. ಬಲಗಿವಿ ಗಟ್ಟಿ ಇತ್ತು, ಆದ್ರ ಅದಕ್ಕ ಆ ರೂಢಿ ಇರಲಿಲ್ಲ. ಎರಡು ಸುಗ್ಗಿ ಹೆಣಗಾಡಿದ. ಮೂರನೇ ಸುಗ್ಗಿಗೆ, ಕಾಲೇಜಿಗೆ ಹೊಂಟಿದ್ದ ನನ್ನ ಕರದು, ಅಂಗಡಿ ಗಾದಿ ಮ್ಯಾಲ ಕುಂದ್ರಿಸಿ, ನನ್ನ ಎಡಗಿವಿಗೆ ಕಾಯಿ ಹಿಡದು ಅಲ್ಲಾಡಿಸಿ, "ಕೇಳು" ಅಂದ. ನನಗ ಆಗ ಹದಿನೆಂಟು. ಪುಸ್ತಕ ಮನ್ಯಾಗ ಉಳದ್ವು, ನಾ ಗಾದಿ ಮ್ಯಾಲ ಉಳದೆ.

ಆವತ್ತಿಂದ ಅಪ್ಪ ದಿನಾ ಬಂದು ನನ್ನ ಎಡಕ್ಕ ಕುಂದರ್ತಿದ್ದ. ಹಂಗ ಕುಂತ್ರ ನಾ ಅವನ ಬಲಕ್ಕ ಬರ್ತಿದ್ದೆ, ಅವನ ಛಲೋ ಕಿವಿ ಕಡೆ. ಇದು ಅಂಗಡಿಯಾಗ ಎಲ್ಲಾರಿಗೂ ತಿಳಿದ ಮಾತು. ತಿಳೀದ ಇದ್ದದ್ದು ಇನ್ನೊಂದಿತ್ತು. ಕಿವಿ ಮಂದ ಆದವ್ರು ಜೋರ್ ಜೋರ್ ಮಾತಾಡ್ತಾರಲ್ಲ, ನಮ್ಮಪ್ಪ ಈಚೀಚೆಗ ಉಲ್ಟಾ ಆಗಿದ್ದ. ಗದ್ದಲದ ನಡುವ ಸಣ್ಣ ದನ್ಯಾಗ, ತುಟಿ ಸೈತ ಅಲ್ಲಾಡಿಸ್ದ, "ಚಾ ಕುಡೀತೀ?" ಅಂತಿದ್ದ. ನಾ ಚೀಲ ನೋಡ್ಕೋತನ ಹೂಂ ಅಂತಿದ್ದೆ. ವಯಸ್ಸಾತು, ದನಿ ಸಣ್ಣಗಾಗೈತಿ ಅಂತ ಮಾಡಿದ್ದೆ.

ಇನ್ನ ನನ್ನ ಚಟದ ಮಾತು. ಬೀಡಿ ಇಲ್ಲ, ಇಸ್ಪೀಟು ಇಲ್ಲ, ಹಾಡು ಕೇಳೂದೊಂದು. ಪ್ಯಾಟಿ ಗದ್ದಲದಾಗ ಇಡೀ ದಿವಸ ಕುಂತು ಬಂದಮ್ಯಾಲ ತಾಸೊತ್ತು ಹೆಡ್‌ಫೋನ್ ಹಾಕ್ಕೊಂಡು ಕುಂದರಲಿಲ್ಲಂದ್ರ ನನಗ ಊಟ ಸೇರ್ತಿರಲಿಲ್ಲ. ಸಿಡಿ ಇನ್ನೂ ಸತ್ತಿರಲಿಲ್ಲ, ಎಂಪಿತ್ರೀ ಆಗಲೇ ಹುಟ್ಟಿತ್ತು, ಅಂಥಾ ವರ್ಷಗಳು. ಹುಬ್ಬಳ್ಳಿಯಿಂದ ಒಂದು ದೊಡ್ಡ ಹೆಡ್‌ಫೋನ್ ತಂದಿದ್ದೆ. ನನ್ನ ಕೈ ಸಿಡಿ ಪ್ಲೇಯರಿಗೆ ಅದನ್ನ ಎಬ್ಬಸೂ ದಮ್ಮು ಇರಲಿಲ್ಲ. ಅದಕ್ಕ ನಡುವ ಒಂದು ಸಣ್ಣ ಆಂಪ್ಲಿಫೈಯರ್ ಬೇಕು ಅಂತ ಹಾವೇರಿ ಸೈಬರ್ ಕೆಫೆಯೊಳಗ ಓದಿ, ನಕ್ಷಾ ಪ್ರಿಂಟ್ ತಗೊಂಡು, ರಾಣೆಬೆನ್ನೂರಿಗೆ ಹೋದೆ.

ರಾಣೆಬೆನ್ನೂರಾಗ ರೇಡಿಯೋ, ಟೇಪು ರಿಪೇರಿ ಮಾಡೂ ಒಬ್ಬ ಚಾಚಾ ಇದ್ರು. ನನಗೇನು ಸಂಬಂಧಿಕರಲ್ಲ, ಊರಿಗೆಲ್ಲಾ ಅವರು ಚಾಚಾನ. ನಕ್ಷಾ ನೋಡಿ, ಚಷ್ಮಾ ಏರಿಸಿ, "ಅರೇ ಬೇಟಾ, ಇದನ್ನ ಸಾಬೂನ ಡಬ್ಬ್ಯಾಗ ಕುಂದ್ರಸ್ತೇನಿ" ಅಂದ್ರು. ಅಂದಂಗ ಮಾಡಿದ್ರು ಕೂಡ. ತಿಳಿ ಹಸಿರು ಸಾಬೂನ ಡಬ್ಬಿ, ಒಳಗ ಎರಡು ಬ್ಯಾಟರಿ, ಹೊರಗ ಒಂದು ತಿರುಗಣಿ. ಮುಚ್ಚಳ ತಗದ್ರ ಬಾಜೂ ಬಾಜೂ ಎರಡು ಐಸಿ. ಓದಿದ ಮಂದಿ ಚಿಪ್ ಅಂತಾರ, ರಿಪೇರಿ ಮಂದಿ ಐಸಿ ಅಂತಾರ. ಒಂದು ಎಡಗಿವಿಗೆ, ಒಂದು ಬಲಗಿವಿಗೆ. ಅವನ್ನ ಬೆಸುಗಿ ಹಾಕಿ ಕೂಡಿಸಿರಲಿಲ್ಲ. ಕೆಳಗ ಎಂಟೆಂಟು ತೂತಿನ ಬೇಸು ಇತ್ತು, ಅದರಾಗ ಐಸೀದ ಎಂಟು ಕಾಲು ಒತ್ತಿ ಕುಂದ್ರಿಸಿದ್ರ ಮುಗೀತು. ಬ್ಯಾಸರಾದ್ರ ಕಿತ್ತು ಬ್ಯಾರೆ ಹಾಕೂದು.

ಆ ಬೇಸು ನನ್ನ ಹಾಳ ಮಾಡಿತು ನೋಡ್ರಿ. ಐಸಿ ಬದಲಿ ಮಾಡಿದ್ರ ಅದ ಹಾಡು ಬ್ಯಾರೆನ ಕೇಳ್ಸೂದು, ಅದ ಸಾರಿಗೆ ಬ್ಯಾರೆ ಒಗ್ಗರಣಿ ಕೊಟ್ಟಂಗ. ಒಂದು ಜೋಡಿ ಹಾಕಿದ್ರ ತಬಲಾ ಮುಂದ ಬರೂದು, ಇನ್ನೊಂದು ಹಾಕಿದ್ರ ಹಾಡೂ ಬಾಯಿ ಹತ್ರ ಬರೂದು. ಬೆಂಗಳೂರಿಂದ ಕುರಿಯರಿನ್ಯಾಗ ಜೋಡಿ ಜೋಡಿ ತರಸಾಕ ಹತ್ತಿದೆ. ಒಮ್ಮೆ ನಾಲ್ಕು ಐಸಿ ಹಾಸಗಿ ಮ್ಯಾಲ ಬಿಟ್ಟು ಜಳಕಕ್ಕ ಹೋಗಿದ್ದೆ. ನಮ್ಮನ್ಯಾಕಿ ಅವನ್ನ ತಗಣಿ ಅಂತ ತಿಳದು ಕಸಬರಗಿಲೆ ಬಡದು ಮೂಲಿಗೆ ತಳ್ಳಿದ್ಲು. "ಎಂಟು ಕಾಲಿದ್ವು, ನಾ ಏನ ಮಾಡ್ಲಿ?" ಅಂದ್ಲು. ಆಮ್ಯಾಲ ಅವಕ್ಕೊಂದು ಕುಂಕುಮದ ಭರಣಿ ಆಕೀನ ಕೊಟ್ಲು.

ಆ ವರ್ಷ ಸುಗ್ಗಿ ಜೋರಿತ್ತು. ಒಂದು ಸೋಮವಾರ, ಪ್ಯಾಟಿ ತುಂಬಿ ತುಳುಕೂ ಹೊತ್ತಿನ್ಯಾಗ, ಕುರಿಯರಿನವ ಬಂದು ಹೊಸಾ ಜೋಡಿ ಕೊಟ್ಟ. ಮನಿಗೆ ಹೋಗೂತನ ತಡೀಬೇಕಿಲ್ಲೋ? ತಡೀಲಿಲ್ಲ. ಚೀಲಗಳ ನಡುವ ಗಾದಿ ಮ್ಯಾಲ ಕುಂತು, ಕೈ ಅಂಗಿಗೆ ಒರಸ್ಕೊಂಡು, ಹಳೇವು ಕಿತ್ತು ಹೊಸಾವು ಹಾಕೇ ಬಿಟ್ಟೆ. ಅಪ್ಪ ಎಡಕ್ಕ ಕುಂತು, "ಅದೇನ್ ಮೆಣಸಿನಕಾಯಿಗಿಂತ ಹೆಚ್ಚಿಂದು?" ಅಂತ ಬೈದ. ಒಂದು ವಾರ ಮಸ್ತ್ ಕೇಳಿಸ್ತು.

ಎರಡನೇ ವಾರಕ್ಕ ಎಡಗಡೆ ಮಂದ ಆತು.

ಮೊದಲು ಬ್ಯಾಟರಿ ಅನ್ಕೊಂಡೆ, ಬದಲಿ ಮಾಡಿದೆ. ಮಂದನ. ಸಿಡಿ ಅನ್ಕೊಂಡೆ, ಬ್ಯಾರೆ ಹಾಕಿದೆ. ಮಂದನ. ಬಲಗಡೆ ತಿಳಿನೀರಿನಂಗ ಕೇಳೂದು, ಎಡಗಡೆ ಗೋಣಿ ಹೊಚ್ಚಿದಂಗ. ಗೋಣಿ ಅನ್ನೂ ಮಾತು ಮನಸಿಗೆ ಬಂತು ನೋಡ್ರಿ, ಹೆಡ್‌ಫೋನ್ ಕಿತ್ತು ಇಟ್ಟೆ. ಅದು ಅಪ್ಪನ ಮಾತು. ತನ್ನ ಕಿವಿ ಹೋಗೂ ಮುಂದ ಹೆಂಗಿತ್ತು ಅಂತ ಕೇಳಿದ್ರ ಅವ ಯಾವಾಗಲೂ ಅದನ್ನ ಹೇಳ್ತಿದ್ದ. ಮುಂದಿನ ತಿಂಗಳ ನನಗ ನಲವತ್ತು ತುಂಬೂದಿತ್ತು.

ಆಮ್ಯಾಲ ಗಾದಿ ಮ್ಯಾಲ ನಾ ನಾನಾಗಿ ಉಳೀಲಿಲ್ಲ. ಕಾಯಿ ಎಡಗಿವಿಗೆ ಹಿಡದ್ರ, ಕೇಳೂ ಸಪ್ಪಳ ಖರೇನೋ ನನ್ನ ನೆನಪಿನ ಸಪ್ಪಳೋ ಅನ್ನೂ ಅನುಮಾನ. ಬಲಗಿವಿಗೆ ಹಿಡದ್ರ ಅದಕ್ಕ ಬುದ್ಧಿ ಇಲ್ಲ. ಮೋಟೆಬೆನ್ನೂರು ಕಡೆಯ ಒಬ್ಬ ರೈತನ ಚೀಲ ನಾಲ್ಕು ಸಲ ಅಲ್ಲಾಡಿಸಿ, ಹಸಿ ಐತಿ ಅಂದ್ಬಿಟ್ಟೆ. ಅವ ಒಂದು ಕಾಯಿ ತಗದು ನನ್ನ ಮುಂದನ ಮುರದ. ಕಟಕ್ ಅಂತು, ಬೀಜ ಗಾದಿ ಮ್ಯಾಲ ಉದುರಿದ್ವು. "ನಿಮ್ಮ ಕಿವಿಗೇನ್ ಜಡ್ಡು ಬಂದೈತೇನ್ರಿ ಸಾವ್ಕಾರ್ರ?" ಅಂದ. ಬಾಜೂದವ್ರು ನಕ್ರು. ಅವ ಸಿಟ್ಟಿಲೆ ಅಂದಿದ್ದ, ನಾ ಅದನ್ನ ಖರೇ ಅಂತ ತಿಳ್ಕೊಂಡೆ. ಅಪ್ಪ ನನ್ನ ಎಡಕ್ಕ ಕುಂತಿದ್ದ. ಸಣ್ಣ ದನ್ಯಾಗ, "ಚಾ ಕುಡೀತೀ?" ಅಂದ. ಹೂಂ ಅಂದೆ. ಬ್ಯಾಡಾಗಿತ್ತು, ಆದ್ರೂ ಕುಡದೆ.

ಹಾವೇರಿಯಾಗ ಕಿವಿ ಡಾಕ್ಟರ್ ಇದ್ರು. ಮನ್ಯಾಗ ಬ್ಯಾಂಕಿನ ಕೆಲಸ ಅಂತ ಸುಳ್ಳು ಹೇಳಿ ಬಸ್ ಹತ್ತಿ ಹೋದೆ. ದವಾಖಾನಿ ಬಾಗಿಲದಾಗ ಕಾಲಿಡ್ತೇನಿ, ಒಳಗ ಬಾಕಿನ ಮ್ಯಾಲ ನಮ್ಮ ಅಂಗಡಿಗೆ ಮಾಲು ತರೂ ರೈತ ಒಬ್ಬ ಹೆಂಡತಿನ್ನ ಕರ್ಕೊಂಡು ಕುಂತಾನ. "ಏನ್ರೀ ಸಾವ್ಕಾರ್ರ, ನೀವಿಲ್ಲೆ?" ಅಂತ ಎದ್ದು ನಿಂತ. ಕಿವಿಲೆ ಬದುಕೂ ದಲಾಲಿ ಕಿವಿ ದವಾಖಾನ್ಯಾಗ ಕುಂತಾನಂದ್ರ, ನಾ ಊರ ಮುಟ್ಟೂದ್ರಾಗ ಸುದ್ದಿ ಮುಟ್ತಿತ್ತು. "ಇಲ್ಲ, ಮ್ಯಾಲಿನ ಮಜಲಿಗೆ ಹೊಂಟೇನಿ" ಅಂದೆ. ಆ ಕಟ್ಟಡಕ್ಕ ಮ್ಯಾಲಿನ ಮಜಲ ಇರಲಿಲ್ಲ. ಅವ ಮ್ಯಾಲೆ ನೋಡೂದ್ರಾಗ ನಾ ರಸ್ತಾದಾಗ ಇದ್ದೆ.

ಹೋದವ ಸುಮ್ಮನ ಬಸ್ ಹಿಡದು ಬರಬೇಕಿಲ್ಲೋ? ಸೈಬರ್ ಕೆಫೆ ಹೊಕ್ಕು ಕಿವಿ ರೋಗದ ಬಗ್ಗೆ ಓದಿದೆ. ಆ ಹಾಳಾದ ಕಂಪ್ಯೂಟರ್ ನನಗ ಒಂದಲ್ಲ, ಏಳು ರೋಗ ಹಚ್ಚಿ ಕಳಿಸ್ತು. ತಲಿ ಮೊಸರ ಗಡಿಗಿ ಆತು. ಊಟದ ಮುಂದ ರೊಟ್ಟಿ ಮುರದ ಸಪ್ಪಳ ಎಡಗಿವಿಗೆ ಎಷ್ಟು ಬಂತು, ಬಲಗಿವಿಗೆ ಎಷ್ಟು ಬಂತು ಅಂತ ನೋಡ್ಕೋತ ಕುಂದರಾಕ ಹತ್ತಿದೆ. "ರೊಟ್ಟಿ ತಿನ್ರಿ, ಅದರ ಜೋಡಿ ಏನ್ ಮಾತಾಡಾಕತ್ತೀರಿ?" ಅಂತ ನಮ್ಮನ್ಯಾಕಿ ಗದರಿದ್ಲು.

ಕಡೀಕ ಚಾಚಾಗ ಫೋನ್ ಮಾಡಿದೆ. ಕಿವಿ ಮಾತು ಎತ್ತಲಿಲ್ಲ. "ಚಾಚಾ, ಐಸಿ ಕೆಟ್ಟೈತೋ ಇಲ್ಲೋ ಹೆಂಗ ತಿಳ್ಕೋಬೇಕ್ರಿ?" ಅಂತಷ್ಟ ಕೇಳಿದೆ.

"ಎಡದ್ದು ಬಲಕ್ಕ ಹಾಕು, ಬಲದ್ದು ಎಡಕ್ಕ ಹಾಕು ಬೇಟಾ" ಅಂದ್ರು. "ಖರಾಬಿ ಐಸಿ ಜೋಡಿ ಆ ಕಡೆ ಹೋತಂದ್ರ ಐಸಿ ಕೆಟ್ಟೈತಿ. ಇದ್ದಲ್ಲೇ ಉಳೀತಂದ್ರ ಐಸಿ ಛಲೋ ಐತಿ. ಬಸ್, ಇಷ್ಟ."

ಮುಂದಿನ ಲೆಕ್ಕ ನಾನ ಹಾಕ್ಕೊಂಡೆ. ಇದ್ದಲ್ಲೇ ಉಳೀತಂದ್ರ ಐಸಿ ಛಲೋ ಐತಿ, ಅಂದ್ರ ಕೆಟ್ಟದ್ದು ನನ್ನ ಕಿವಿ.

ಈ ಲೆಕ್ಕ ತಲ್ಯಾಗ ಕುಂತಮ್ಯಾಲ ಐಸಿ ಬದಲಿ ಮಾಡಾಕ ಕೈನ ಬರಲಿಲ್ಲ. ಎರಡು ಐಸಿ ಕಿತ್ತು ಆಚೀಚೆ ಹಾಕಾಕ ಎಷ್ಟೊತ್ತು ಬೇಕು? ಒಂದು ಚಾ ಕುಡಿಯೂವಷ್ಟು ಹೊತ್ತು. ನಾ ಆ ಸಾಬೂನ ಡಬ್ಬಿ ಜೇಬಿನ್ಯಾಗ ಹಾಕ್ಕೊಂಡು ಎರಡು ವಾರ ತಿರುಗಿದೆ. ಗೊತ್ತಾಗದ ಇರೂತನಕ ಕಿವಿ ಇದ್ದಂಗ ಅಲ್ಲೇನ್ರಿ? ಅಂಜುಬುರುಕ ನಾ, ಅದನ್ನ ಹೇಳಾಕ ಈಗೇನು ನಾಚಿಕಿ ಇಲ್ಲ.

ಒಂದು ಮಂಗಳವಾರ, ಪ್ಯಾಟಿ ಇರಲಿಲ್ಲ, ಊಟ ಆಗಿತ್ತು. ಇವತ್ತ ಆಗಿಬಿಡ್ಲಿ ಅಂತ ಕಿಟಕಿ ಬುಡಕ ಕುಂತೆ. ಅವತ್ತ ಮಾತ್ರ ಕೈ ಸಾಬೂನ ಹಚ್ಚಿ ತೊಳಕೊಂಡಿದ್ದೆ. ಚಿಮಟಾಲೆ ಎಡದ್ದು ಎತ್ತಿದೆ, ಬಲದ್ದು ಎತ್ತಿದೆ. ಐಸಿ ತಲಿ ಮ್ಯಾಲ ಒಂದು ಸಣ್ಣ ಕಚ್ಚು ಇರ್ತೈತಿ, ಅದು ಉಲ್ಟಾ ಆದ್ರ ಐಸಿ ಸುಟ್ಟು ಹೋಗ್ತೈತಿ. ಕಚ್ಚು ನೋಡಿ ನೋಡಿ ಆಚೀದು ಈಚೆ, ಈಚೀದು ಆಚೆ ಒತ್ತಿದೆ. ಹೆಡ್‌ಫೋನ್ ಏರಿಸಿ, ಕಣ್ಣು ಮುಚ್ಚಿ, ತಿರುಗಣಿ ತಿರುವಿದೆ.

ಬಲಗಡೆ ತಿಳಿನೀರು. ಎಡಗಡೆ ಗೋಣಿ.

ಅಷ್ಟ. ಇದ್ದಲ್ಲೇ ಉಳದಿತ್ತು. ಹಾಡು ಮುಗಿಯೂತನ ಹಂಗ ಕುಂತಿದ್ದೆ, ಅಳು ಬಂದಿತ್ತು, ಅಳಲಿಲ್ಲ. ಕಿವಿ ಹೋಗೂದಕ್ಕಿಂತ, ಆ ಗಾದಿ ಮ್ಯಾಲ ಕುಂತು ನಾ ಹೂಂ ಅಂದ್ರ ಯಾರೂ ನಂಬದ ಇರೂ ದಿವಸ ಕಣ್ಣಿಗೆ ಬಂತು. ಅಪ್ಪ ಎರಡು ಸುಗ್ಗಿ ಹೆಣಗಾಡಿದ್ದು ನಾ ನೋಡಿದ್ದೆ. ನನಗ ಅಷ್ಟು ಗಟ್ಟಿತನ ಇರಲಿಲ್ಲ.

ಎದ್ದು ಪಡಸಾಲಿಗೆ ಹೋದೆ. ಅಪ್ಪ ಪೇಪರ್ ಓದಾಕತ್ತಿದ್ದ. ಅವನ ಬಲಕ್ಕ ಕುಂತು ಹೇಳಿಬಿಟ್ಟೆ, "ಅಪ್ಪಾ, ಗಾದಿಗೆ ಬ್ಯಾರೆ ಯಾರನ್ನರ ನೋಡಬೇಕು. ನನ್ನ ಎಡಗಿವಿ ಹೊಂಟೈತಿ."

ಪೇಪರ್ ಕೆಳಗ ಇಟ್ಟ. "ಆಗಂಗಿಲ್ಲ" ಅಂದ.

"ಆಗೈತಿ ಅಪ್ಪಾ."

"ಆಗಂಗಿಲ್ಲ ಅಂದೆ. ಯಾರ ಹೇಳಿದ್ರು ನಿನಗ?"

ಡಾಕ್ಟರ್ ಹೇಳಿದ್ರು ಅನ್ನಾಕ ನಾ ಡಾಕ್ಟರಿಗೆ ತೋರಿಸಿರಲಿಲ್ಲ. ಸಾಬೂನ ಡಬ್ಬಿ ತಂದು ಮುಂದಿಟ್ಟೆ. ಇದು ಹೇಳ್ತು ಅಂದೆ. ಎಡದ ಐಸಿ, ಬಲದ ಐಸಿ, ಎಲ್ಲಾ ಒಂದುಸುರಿಗೆ ಹೇಳಿದೆ. ಅವಗ ಅರ್ಧನೂ ತಿಳೀಲಿಲ್ಲ. "ಕೊಡಿಲ್ಲಿ" ಅಂದ.

ಅಪ್ಪ ಹೆಡ್‌ಫೋನ್ ಮುಟ್ಟಿದ್ದು ಅವತ್ತ ಮೊದಲು. ತಲಿಗೆ ಹಾಕ್ಕೊಳ್ಳಲಿಲ್ಲ. ಒಂದ ಕಿವಿ ಇದ್ದವ್ರು ಎಲ್ಲಾನೂ ಅದ ಕಿವಿಗೆ ತರ್ತಾರ, ಫೋನಿರಲಿ, ಮೆಣಸಿನಕಾಯಿರಲಿ. ಹೆಡ್‌ಫೋನಿನ ಎರಡು ಬಟ್ಟಲ ಎರಡು ಕೈಯಾಗ ಹಿಡದು, ಮೊದಲು ಬಲಗಡೀದು ತನ್ನ ಬಲಗಿವಿಗೆ ಹಚ್ಚಿದ. ಗೋಣು ಹಾಕಿದ. ಆಮ್ಯಾಲ ಎಡಗಡೀದು ತಂದು ಅದ ಬಲಗಿವಿಗೆ ಹಚ್ಚಿದ. ಹುಬ್ಬು ಗಂಟಿಕ್ಕಿದ. ತಿರುಗಿ ಬಲದ್ದು. ತಿರುಗಿ ಎಡದ್ದು. ಪ್ಯಾಟ್ಯಾಗ ಎರಡು ಚೀಲದ ಮಾಲು ತಾಳೆ ನೋಡಿದಂಗ.

"ಈ ಚೀಲ ಒಣಗೈತಿ" ಅಂದ, ಬಲದ್ದು ತೋರಿಸಿ. "ಈ ಚೀಲ ಹಸಿ ಐತಿ. ಮಾಲು ಕೆಟ್ಟೈತಿ ಅಂದ್ರ ನಿನ್ನ ಕಿವಿಗೇನಾತಲೇ ಮಬ್ಬ?"

ನನಗ ತಿಳಿಯಾಕ ಎರಡು ಉಸಿರಿನಷ್ಟು ಹೊತ್ತು ಹಿಡೀತು. ಅಪ್ಪನ ಛಲೋ ಕಿವಿಗೂ ಆ ಕಡೀದು ಮಂದ ಕೇಳಿದ್ರ! ಕಸಗೊಂಡು ಹೆಡ್‌ಫೋನ್ ತಿರುವಿ ಹಾಕ್ಕೊಂಡೆ, ಎಡದ್ದು ಬಲಕ್ಕ, ಬಲದ್ದು ಎಡಕ್ಕ. ಗೋಣಿ ಬಲಗಿವಿಗೆ ಬಂದು ಕುಂತಿತ್ತು. ಎಡಗಿವ್ಯಾಗ, ನನ್ನ ಎಡಗಿವ್ಯಾಗ್ರಿ, ತಂತಿ ಮೀಟಿದ ಉಗುರು ಸೈತ ಕೇಳಾಕತ್ತಿತ್ತು. ಅಯ್ಯ ಶಿವನ! ಎರಡು ವಾರ ಡಬ್ಬಿ ಹೊತ್ಕೊಂಡು ತಿರುಗಿದೆ, ಹಾವೇರಿಗೆ ಹೋಗಿ ಇಲ್ಲದ ಮಜಲ ಹತ್ತಿದೆ, ಐಸಿ ಕಿತ್ತೆ. ಹೆಡ್‌ಫೋನ್ ತಿರುವಿ ಹಾಕ್ಕೊಳ್ಳೂ ಬುದ್ಧಿ ಬರಲಿಲ್ಲ. ನಕ್ಕೆ. ನಕ್ಕೋತ ನಕ್ಕೋತ ಅತ್ತೆ. ನಮ್ಮನ್ಯಾಕಿ ಒಳಗಿಂದ ಓಡಿ ಬಂದು, ಇವರಿಗೇನ್ ಆಗೈತ್ರಿ ಅಂತ ಅಪ್ಪನ್ನ ಕೇಳಿದ್ಲು. "ಏನೂ ಆಗಿಲ್ಲವ್ವಾ" ಅಂದ ಅಪ್ಪ. "ಅದಕ್ಕ ಅಳಾಕತ್ತಾನ."

ಮರುದಿನ ಮೊದಲ ಬಸ್ಸಿಗೆ ರಾಣೆಬೆನ್ನೂರಿಗೆ ಹೋದೆ. ಜೀವ ಹಗುರಾಗಿತ್ತು. ಮೋಟೆಬೆನ್ನೂರು ದಾಟಿ ಹೈವೇ ಹತ್ತಿದಮ್ಯಾಲ ಲಾರಿಗಳ ಹಾರ್ನು ಸೈತ ನನಗ ಚಂದ ಕೇಳ್ಸಾಕತ್ತಿತ್ತು. ಚಾಚಾ ಡಬ್ಬಿ ತಗದು, ಎಡದ ಐಸಿ ಎತ್ತಿ, ಕಣ್ಣಿಗೆ ಭೂತಗನ್ನಡಿ ಹಚ್ಚಿ ಬೇಸಿನ ತೂತು ನೋಡಿದ್ರು. ಸೂಜೀಲೆ ಕೆದರಿದ್ರು. ಒಂದು ತೂತಿನಿಂದ ಕೆಂಪಗ, ಎಣ್ಣಿ ಎಣ್ಣಿಯಾಗಿ, ಸಾಸಿವಿಗಿಂತ ಸಣ್ಣ ಚೂರು ಹೊರಗ ಬಂತು. ಮೆಣಸಿನಕಾಯಿ ಸಿಪ್ಪಿ. ಮೂಗಿನ ಹತ್ರ ತಂದು ನೋಡಿ, ಮೂರು ಸೀನು ಸೀನಿದ್ರು.

"ಯಾ ಅಲ್ಲಾ! ಇದೇನ್ ಆಂಪ್ಲಿಫೈಯರೋ, ಚಟ್ನಿ ಡಬ್ಬಿಯೋ?"

ಆವತ್ತಿನ ಸೋಮವಾರ ನೆನಪಾತು. ಚೀಲಕ್ಕ ಹಾಕಿದ ಕೈ, ಅಂಗಿಗೆ ಒರಸಿದ್ದು, ಐಸಿ ಕಾಲಿನ ಜೋಡಿ ಆ ಸಿಪ್ಪೀನೂ ತೂತಿನ್ಯಾಗ ಒತ್ತಿದ್ದು. ಯಾವ ಐಸಿ ಹಾಕಿದ್ರೂ ಎಡಕ್ಕ ಕುಂತಿದ್ದು ಕುರುಡ ತೂತಿನ ಮ್ಯಾಲೇ ಕುಂದರ್ತಿತ್ತು. ನಾಚಿಕಿ ಬಿಟ್ಟು ಚಾಚಾಗ ಎಲ್ಲಾ ಹೇಳಿದೆ. ಅವರಿಗೆ ನಗು ತಡೀಲಿಲ್ಲ, ಆಮ್ಯಾಲ ಸಿಟ್ಟೂ ಬಂತು. "ಐಸಿ ಛಲೋ ಐತಿ ಅಂತ ನಾ ಹೇಳ್ದೆ. ನಿನ್ನ ಕಿವಿ ಕೆಟ್ಟೈತಿ ಅಂತ ಯಾವಾಗ ಹೇಳ್ದೆ? ನಡುವ ಬೇಸು ಇಲ್ಲೇನು, ವೈರ್ ಇಲ್ಲೇನು? ಕಿವಿ ಮಾತು ಮೊದಲ ಹೇಳಿದ್ರ ಫೋನಿನ್ಯಾಗ ಮುಗೀತಿತ್ತಲ್ಲೋ ಪಾಗಲ್!" ಸ್ಪಿರಿಟ್ ಹಾಕಿ ಬೇಸು ತೊಳದು, ಐಸಿ ಕುಂದ್ರಿಸಿ ಕೊಟ್ರು. ಎರಡೂ ಕಡೆ ತಿಳಿನೀರು. ಇನ್ನ ಪ್ಯಾಟ್ಯಾಗ ಕುಂತು ಈ ಡಬ್ಬಿ ತಗದ್ರ ಕೈ ಮುರೀತೇನಿ ಅಂದ್ರು.

ಗುರುವಾರ ಪ್ಯಾಟಿ. ನಾ ಜಲ್ದಿ ಹೋಗಿ ಗಾದಿ ಮ್ಯಾಲ ಕುಂತೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದ, ಚಪ್ಪಲಿ ಬಿಟ್ಟ, ಬಂದು ನನ್ನ ಬಲಕ್ಕ ಕುಂತ.

ಇಪ್ಪತ್ತೊಂದು ವರ್ಷದಾಗ ಒಮ್ಮೆನೂ ಅವ ಆ ಕಡೆ ಕುಂತಿರಲಿಲ್ಲ. ಅವನ ಸತ್ತ ಕಿವಿ ನನ್ನ ಕಡೆ ಇತ್ತು. "ಅಪ್ಪಾ, ಈ ಕಡೆ ಕುಂತ್ರ ನಿನಗ ನನ್ನ ಮಾತು ಕೇಳ್ಸಂಗಿಲ್ಲ" ಅಂದೆ. ಕೇಳ್ಸಲಿಲ್ಲ. ಎದ್ದು ಅವನ ಆಚೆ ಕಡೆ ಬಗ್ಗಿ, ಬಲಗಿವ್ಯಾಗ ತಿರುಗಿ ಹೇಳಿದೆ.

"ಗೊತ್ತೈತಿ" ಅಂದ. "ಎಡಕ್ಕ ಕುಂತಿದ್ದು ಬರೇ ನನಗ ಕೇಳ್ಲಿ ಅಂತಲ್ಲ. ನಿನಗ ಕೇಳ್ತೈತೋ ಇಲ್ಲೋ ನೋಡಾಕ. ನಿನಗ ಮೂವತ್ತೈದು ತುಂಬಿದ ಮರುದಿನದಿಂದ ದಿನಾ ನಿನ್ನ ಎಡಗಿವಿಗೆ ಸಣ್ಣಗ ಚಾ ಕುಡೀತೀ ಅಂತ ಕೇಳೇನಿ. ಒಂದು ದಿನನೂ ತಪ್ಪಿಸ್ದ ಹೂಂ ಅಂದಿ. ಅದಕ್ಕ ಮೊನ್ನೆ ಆಗಂಗಿಲ್ಲ ಅಂದೆ." ಗ್ವಾಡಿಗೆ ಬೆನ್ನು ಆನಿಸಿದ. "ಅಂದ್ರೂ ಈ ನಲವತ್ತರ ಅಂಜಿಕಿ ಇತ್ತಪಾ. ಮೊನ್ನೆ ನಿನ್ನ ಕಿವಿ ಗಟ್ಟಿ ಐತಿ ಅಂತ ಖಾತ್ರಿ ಆತು. ಈಗ ಸಾಕು. ಇಲ್ಲೆ ಗಾಳಿ ಛಲೋ ಬರ್ತೈತಿ."

ಅಷ್ಟರಾಗ ಮೊದಲನೇ ಚೀಲ ಬಂತು. ತಳಕ್ಕ ಕೈ ಹಾಕಿ, ಒಂದು ಹಿಡಿ ತಗದು, ಎಡಗಿವಿಗೆ ಹಿಡದು ಅಲ್ಲಾಡಿಸಿದೆ. ಗಿಲಿಗಿಲಿ ಅಂತು. ಹೂಂ ಅನ್ನೂ ಮುಂದ, ರೂಢಿಯಂಗ, ಅಪ್ಪನ ಕಡೆ ನೋಡಿದೆ. ಆ ಗದ್ದಲದಾಗ, ಆ ಘಾಟಿನ್ಯಾಗ, ಗ್ವಾಡಿಗೆ ತಲಿ ಆನಿಸಿ, ಬಾಯಿ ಸ್ವಲ್ಪ ತಗದು, ಅಪ್ಪ ನಿದ್ದಿ ಮಾಡಾಕತ್ತಿದ್ದ. ಗಾದಿ ಮ್ಯಾಲ ಅವ ಕಣ್ಣು ಮುಚ್ಚಿದ್ದು ನಾ ಅಲ್ಲೀತನ ನೋಡಿರಲಿಲ್ಲ.